ಆರು ಪಾಯಿಂಟ್ ಮೂರರ ಹದ

ಕರೆಂಟು ಕಡಿಮೆ ಬಂದರೆ ಮನೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಫ್ಯಾನು ಸೋಮಾರಿಯಾಗುತ್ತದೆ, ಮಿಕ್ಸಿ ನರಳುತ್ತದೆ, ಹಳೆಯ ಟ್ಯೂಬ್‌ಲೈಟು ಕಣ್ಣು ಮಿಟುಕಿಸುತ್ತಲೇ ಕೂರುತ್ತದೆ. ‘ಲೋ ವೋಲ್ಟೇಜು’ ಎಂದು ಬೈದುಕೊಳ್ಳುತ್ತೇವೆ. ಜಾಸ್ತಿ ಬಂದರೆ ಮಾತ್ರ ಯಾರೂ ಬೈಯುವುದಿಲ್ಲ. ಫ್ಯಾನು ಜೋರಾಗಿ ತಿರುಗುತ್ತದೆ, ನೀರು ಬೇಗ ಕಾಯುತ್ತದೆ, ಎಲ್ಲವೂ ಚೆನ್ನಾಗಿಯೇ ನಡೆಯುತ್ತಿರುವಂತೆ ಕಾಣುತ್ತದೆ. ಹೆಚ್ಚಿನ ವೋಲ್ಟೇಜು ಮಾಡುವ ಕೆಡುಕು ಸದ್ದಿಲ್ಲದ್ದು. ಅದು ಈ ದಿನ ಕಾಣುವುದಿಲ್ಲ, ವರ್ಷಗಳ ಲೆಕ್ಕದಲ್ಲಿ ಕಾಣುತ್ತದೆ. ಇದನ್ನು ನನಗೆ ಮನವರಿಕೆ ಮಾಡಿಕೊಟ್ಟದ್ದು ಅಂಗೈಯಲ್ಲಿ ಹಿಡಿಯಬಹುದಾದ ಎರಡು ಗಾಜಿನ ಬುರುಡೆಗಳು.

ನನ್ನ ಮಗಳು ಗಿಟಾರ್ ನುಡಿಸುತ್ತಾಳೆ. ಕಾಲೇಜಿನ ಎರಡನೇ ವರ್ಷದಲ್ಲಿದ್ದಾಳೆ. ಎಲೆಕ್ಟ್ರಿಕ್ ಗಿಟಾರಿಗೆ ಆಂಪ್ಲಿಫಯರ್ ಬೇಕೇ ಬೇಕು, ಅದರಲ್ಲೂ ವಾಲ್ವ್ ಆಂಪ್ಲಿಫಯರ್ ಆದರೆ ಅದರ ನಾದವೇ ಬೇರೆ ಎಂದು ಆಕೆ ಒಂದು ವರ್ಷದಿಂದ ಹೇಳುತ್ತಲೇ ಇದ್ದಳು. ಅಂಗಡಿಯಲ್ಲಿ ಬೆಲೆ ಕೇಳಿ ಬಂದೆವು. ಕೊನೆಗೆ ನಾನೇ ಕಟ್ಟಿಕೊಡುತ್ತೇನೆಂದೆ. ಹುಡುಗನಾಗಿದ್ದಾಗಿನಿಂದಲೂ ರೇಡಿಯೋ ಬಿಚ್ಚಿ ಕಟ್ಟುವ ಚಟ ನನಗಿತ್ತು. ದೊಡ್ಡದೇನಲ್ಲ, ಒಂದು ಕೋಣೆಗೆ ಸಾಕಾಗುವಂಥದ್ದು. ಗಿಟಾರಿನ ಸಣ್ಣ ಸಂಕೇತವನ್ನು ಎತ್ತಿಕೊಡಲು ಒಂದು ಇಸಿಸಿ83, ಸ್ಪೀಕರನ್ನು ನಡೆಸಲು ಒಂದು ಇಎಲ್84, ಒಂದು ಪವರ್ ಟ್ರಾನ್ಸ್‌ಫಾರ್ಮರ್, ಒಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಕೆಲವು ಕೆಪಾಸಿಟರು, ರೆಸಿಸ್ಟರುಗಳು. ಎಲ್ಲ ಸೇರಿ ನಾಲ್ಕೈದು ವಾಟ್ ಸದ್ದು. ಅಷ್ಟಕ್ಕೇ ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಾರೆ.

ಟ್ರಾನ್ಸ್‌ಫಾರ್ಮರ್ ಎಸ್.ಪಿ. ರಸ್ತೆಯ ಹಳೇ ಸಾಮಾನಿನ ರಾಶಿಯಲ್ಲಿ ಸಿಕ್ಕಿತು. ಯಾವುದೋ ಕಾಲದ ರೇಡಿಯೋದ್ದು, ಗಟ್ಟಿಮುಟ್ಟಾಗಿತ್ತು. ಅದರ ಮೇಲೆ 220 ವೋಲ್ಟ್ ಎಂದು ಬರೆದಿತ್ತು. ವಾಲ್ವ್‌ಗಳನ್ನು ಮಾತ್ರ ಕೊಳ್ಳಬೇಕಾಗಿರಲಿಲ್ಲ. ಅಪ್ಪ ಮನೆಯ ವಾಲ್ವ್ ರೇಡಿಯೋ ಕೆಟ್ಟರೆ ಬೇಕಾಗುತ್ತದೆಂದು ಅಂಗಡಿಯಿಂದ ತಂದಿಟ್ಟುಕೊಂಡಿದ್ದ ಒಂದಿಷ್ಟು ವಾಲ್ವ್‌ಗಳು ಟ್ರಂಕಿನಲ್ಲಿದ್ದವು. ಹೆಚ್ಚಿನವು ಬೇರೆ ಬೇರೆ ಕೆಲಸದವು. ನಮಗೆ ಬೇಕಾದವು ಒಂದೊಂದೇ ಇದ್ದವು, ಒಂದು ಇಸಿಸಿ83, ಒಂದು ಇಎಲ್84. ಎರಡರ ಗಾಜಿನ ಮೇಲೂ ‘ಬಿಇಎಲ್’ ಎಂಬ ಅಚ್ಚು ಇತ್ತು.

ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಶುರುವಾದದ್ದು 1954ರಲ್ಲಿ. ಹಾಲೆಂಡಿನ ಫಿಲಿಪ್ಸ್ ಕಂಪನಿಯ ಸಹಯೋಗದಲ್ಲಿ 1961ರಿಂದ ಅಲ್ಲಿ ರೇಡಿಯೋ ವಾಲ್ವ್‌ಗಳನ್ನು ತಯಾರಿಸತೊಡಗಿದರು. ಹಾಗಾಗಿ ಬೀಟಲ್ಸ್ ತಂಡದವರು ಬಳಸಿದ ವಾಕ್ಸ್ ಆಂಪ್ಲಿಫಯರುಗಳಲ್ಲಿ ಉರಿಯುತ್ತಿದ್ದ ಇಎಲ್84 ಜಾತಿಯ ವಾಲ್ವೇ ನಮ್ಮ ಊರಿನ ಮಗ್ಗುಲಲ್ಲೂ ತಯಾರಾಗುತ್ತಿತ್ತು. ಅಲ್ಲಿ ಅದರಿಂದ ಗಿಟಾರು ಕೂಗಿದರೆ ಇಲ್ಲಿ ಪ್ರದೇಶ ಸಮಾಚಾರ ಬರುತ್ತಿತ್ತು. ಈ ಮಾತನ್ನು ಮಗಳಿಗೆ ಹೇಳಿದಾಗ ಆಕೆ ನಂಬಲಿಲ್ಲ. ಗಾಜಿನ ಮೇಲಿನ ಅಚ್ಚು ತೋರಿಸಿದ ಮೇಲೆ ಸುಮ್ಮನಾದಳು.

ನನ್ನ ಸೋದರತ್ತೆ ಅದೇ ಕಾರ್ಖಾನೆಯ ವಾಲ್ವ್ ವಿಭಾಗಕ್ಕೆ 1965ರಲ್ಲಿ ಇಪ್ಪತ್ತರ ಹುಡುಗಿಯಾಗಿ ಸೇರಿದ್ದರು. ಆಮೇಲೆ ಟ್ರಾನ್ಸಿಸ್ಟರ್ ಬಂದು ವಾಲ್ವ್‌ನ ಕಾಲ ಇಳಿಯುತ್ತಾ ಹೋದಂತೆ ಬೇರೆ ವಿಭಾಗಕ್ಕೆ ಹೋಗಿ ಅಲ್ಲಿಂದಲೇ ನಿವೃತ್ತರಾದರು. ಈಗ ನಮ್ಮ ಜೊತೆಯಲ್ಲೇ ಇದ್ದಾರೆ. ಟ್ರಂಕಿನಿಂದ ತೆಗೆದ ವಾಲ್ವ್‌ಗಳನ್ನು ಕೈಗೆ ಕೊಟ್ಟಾಗ ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

“ನಾನು ಕಟ್ಟಿದ್ದನ್ನ ನಮ್ಮಣ್ಣ ದುಡ್ಡು ಕೊಟ್ಟು ತಂದವ್ನೆ ನೋಡು,” ಎಂದು ನಕ್ಕರು. “ನಂದೇನಾ ಅತ್ತೆ ಇದು?” ಎಂದೆ. “ಯಾರಿಗ್ಗೊತ್ತಪ್ಪ, ಅಷ್ಟು ಜನ ಹೆಣ್ಮಕ್ಕಳು ಕೂತಿರ್ತಿದ್ವಿ. ನಂದಿಲ್ದಿದ್ರೆ ಪಕ್ಕದೋಳ್ದು.”

ಅತ್ತೆಯ ಕೆಲಸ ಹೀಟರ್ ತೂರಿಸುವುದು. ವಾಲ್ವ್‌ನ ನಡುವೆ ಬೆಂಕಿಕಡ್ಡಿಗಿಂತ ಸಣ್ಣದಾದ ನಿಕಲ್ ಕೊಳವೆಯೊಂದಿರುತ್ತದೆ. ಅದೇ ಕ್ಯಾಥೋಡ್. ಅದರ ಹೊರಮೈಗೆ ಬೇರಿಯಂ, ಸ್ಟ್ರಾಂಷಿಯಂ ಲವಣಗಳ ಬಿಳಿ ಲೇಪನ. ಒಳಗೆ ಕೂದಲೆಳೆಯಂಥ ಟಂಗ್‌ಸ್ಟನ್ ತಂತಿ, ಅದಕ್ಕೂ ಅಲ್ಯುಮಿನಾದ ಬಿಳಿ ಲೇಪನ. ಆ ಲೇಪನ ಎಲ್ಲೂ ಸಿಡಿಯದಂತೆ ಮಡಿಸಿದ ತಂತಿಯನ್ನು ಕೊಳವೆಯೊಳಕ್ಕೆ ಇಳಿಸಬೇಕು. ಒಂದು ಚೂರು ಉದುರಿದರೂ ಹೀಟರಿಗೂ ಕ್ಯಾಥೋಡಿಗೂ ತಾಕಿ ವಾಲ್ವ್ ಹಾಳು. ಭೂತಗನ್ನಡಿಯ ಕೆಳಗೆ ದಿನವಿಡೀ ಅದೇ ಕೆಲಸ. “ಉಸಿರು ಬಿಗಿ ಹಿಡ್ಕೊಂಡು ಮಾಡ್ತಿದ್ವಿ, ಮಗು ಬಾಯಿಗೆ ಒಳ್ಳೆ ಹಾಕೋ ಹಂಗೆ,” ಎಂದರು ಅತ್ತೆ.

ಹಾಗಾಗಿ ಈ ಎರಡು ವಾಲ್ವ್‌ಗಳು ಬರಿಯ ಬಿಡಿಭಾಗಗಳಾಗಿ ಉಳಿಯಲಿಲ್ಲ. ಹಾಗೆ ನೋಡಿದರೆ ಇಎಲ್84 ಇಂದಿಗೂ ಸಿಗುತ್ತದೆ. ರಷ್ಯಾ, ಸ್ಲೊವಾಕಿಯಾ, ಚೀನಾಗಳಲ್ಲಿ ಗಿಟಾರ್ ನುಡಿಸುವವರಿಗಾಗಿ, ಹಾಡು ಕೇಳುವ ಹುಚ್ಚಿನವರಿಗಾಗಿ ಈಗಲೂ ಮಾಡುತ್ತಾರೆ. ನಾನೂ ಪರೀಕ್ಷೆಗೆಂದು ಅಂಥದ್ದೊಂದು ಜೊತೆ ತಂದಿದ್ದೆ. ಆದರೆ ಅತ್ತೆಯ ಕೈ ತಾಕಿರಬಹುದಾದ ಜೊತೆ ಇದೊಂದೇ. ಅದನ್ನು ಅವರ ಕಣ್ಣೆದುರು ಸುಟ್ಟು ಹಾಕುವ ಇರಾದೆ ನನಗಿರಲಿಲ್ಲ. ಮೊದಲು ಹೊಸ ವಾಲ್ವ್‌ಗಳನ್ನೇ ಕೂರಿಸಿ, ಮಲ್ಟಿಮೀಟರ್ ಹಿಡಿದು ಒಂದೊಂದೇ ಕಡೆ ಅಳೆಯುತ್ತಾ ಹೋದೆ.

ಹೀಟರಿನ ಎರಡು ಕಾಲುಗಳ ನಡುವೆ ಇರಬೇಕಾದದ್ದು 6.3 ವೋಲ್ಟ್. ಮೀಟರಿನಲ್ಲಿ ಕಂಡದ್ದು 7.0.

ಈ 6.3 ಎಂಬ ವಿಚಿತ್ರ ಅಂಕಿ ಎಲ್ಲಿಂದ ಬಂತೆಂದು ಮಗಳು ಕೇಳಿದಳು. ಅದು ಕಾರಿನಿಂದ ಬಂದದ್ದು. ಹಿಂದಿನ ಕಾರುಗಳಲ್ಲಿ ಮೂರು ಕೋಶಗಳ ಸೀಸದ ಬ್ಯಾಟರಿ ಇರುತ್ತಿತ್ತು. ಪೂರ್ತಿ ಚಾರ್ಜ್ ಆದ ಒಂದೊಂದು ಕೋಶ 2.1 ವೋಲ್ಟ್ ಕೊಟ್ಟರೆ ಮೂರಕ್ಕೆ 6.3. ಕಾರಿನ ರೇಡಿಯೋಗೆಂದು ಹಾಗೆ ಮಾಡಿದ ವಾಲ್ವ್‌ಗಳ ಅಂಕಿಯೇ ಮುಂದೆ ಮನೆಯ ರೇಡಿಯೋಗಳಿಗೂ ನಿಂತುಬಿಟ್ಟಿತು. ವಾಲ್ವ್ ತಯಾರಕರು ಸಾಮಾನ್ಯವಾಗಿ ಇದರಿಂದ ಶೇಕಡ ಹತ್ತರಷ್ಟು ಆಚೀಚೆ ಸಹಿಸಿಕೊಳ್ಳಬಹುದು ಎನ್ನುತ್ತಾರೆ. ಅಂದರೆ ಕೆಳಗೆ 5.67, ಮೇಲೆ 6.93. ದೀರ್ಘ ಬಾಳಿಕೆ ಬೇಕೆನ್ನುವವರು ಶೇಕಡ ಐದನ್ನು ದಾಟುವುದಿಲ್ಲ. ನಮ್ಮ 7.0 ಎರಡೂ ಗೆರೆಗಳ ಆಚೆ ಇತ್ತು.

ಕಾರಣ ಹುಡುಕಲು ಕಷ್ಟವಾಗಲಿಲ್ಲ. ಅಲ್ಲಾಳಸಂದ್ರ ಯಲಹಂಕದ ಮಗ್ಗುಲಿನ ಊರು. ಒಂದು ಕಡೆ ಕೆರೆ, ಒಂದು ಕಡೆ ಜಿಕೆವಿಕೆಯ ಹೊಲಗಳು, ಆಚೆ ವಿಮಾನ ನಿಲ್ದಾಣದ ದಾರಿಯಾದ ಬಳ್ಳಾರಿ ರಸ್ತೆ. ನಮ್ಮ ಬೀದಿಯ ಕಂಬದ ಟ್ರಾನ್ಸ್‌ಫಾರ್ಮರ್ ಮನೆಯಿಂದ ನಾಲ್ಕು ಹೆಜ್ಜೆಯಲ್ಲಿದೆ. ಅದಕ್ಕೆ ಹತ್ತಿರ ಇರುವವರಿಗೆ ವೋಲ್ಟೇಜು ತುಸು ಹೆಚ್ಚು, ತಂತಿಯ ಕೊನೆಯಲ್ಲಿರುವವರಿಗೆ ತುಸು ಕಡಿಮೆ. ಕೆರೆಯ ನೀರು ತೂಬಿನ ಹತ್ತಿರದ ಗದ್ದೆಗೆ ಧಾರಾಳವಾಗಿ ಸಿಕ್ಕಿ ಕೊನೆಯ ಗದ್ದೆಗೆ ತಲುಪುವಾಗ ಸಣಕಲಾಗುವ ಹಾಗೆ. ಒಂದು ವಾರ ಗೋಡೆಯ ಪ್ಲಗ್ಗಿನಲ್ಲಿ ಅಳೆದು ಬರೆದಿಟ್ಟೆ. ಸಂಜೆ ಎಲ್ಲ ಮನೆಗಳ ದೀಪ, ಗೀಸರು ನಡೆಯುವಾಗ 228ರವರೆಗೂ ಇಳಿಯುತ್ತಿತ್ತು. ರಾತ್ರಿ ಹನ್ನೊಂದರ ಮೇಲೆ ಊರು ಮಲಗಿದಾಗ 245ಕ್ಕೆ ಏರುತ್ತಿತ್ತು. ಮಗಳು ಗಿಟಾರ್ ಎತ್ತಿಕೊಳ್ಳುವುದೂ ಅದೇ ಹೊತ್ತಿಗೆ. 220ಕ್ಕೆ ಸುತ್ತಿದ ಟ್ರಾನ್ಸ್‌ಫಾರ್ಮರಿಗೆ 245 ಕೊಟ್ಟರೆ 6.3 ಇರಬೇಕಾದಲ್ಲಿ 7.0 ಬರುವುದು ಬರಿಯ ಗುಣಾಕಾರ, ಭಾಗಾಕಾರ. ಯಾರ ತಪ್ಪೂ ಅಲ್ಲ.

ಹೀಟರಿನ ಕೆಲಸ ಕ್ಯಾಥೋಡನ್ನು ಕಾಯಿಸುವುದು, ಅಷ್ಟೇ. ಸುಮಾರು 750ರಿಂದ 800 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಆ ಬಿಳಿ ಲೇಪನದಿಂದ ಎಲೆಕ್ಟ್ರಾನುಗಳು ಹೊರಬೀಳುತ್ತವೆ. ಮುಂದಿನ ಸಂಗೀತವೆಲ್ಲ ಆ ಎಲೆಕ್ಟ್ರಾನುಗಳದ್ದೇ. ಕಾವು ಏರಿದಂತೆ ಅವು ಹೊರಬೀಳುವ ಪ್ರಮಾಣ ನೇರ ಗೆರೆಯಲ್ಲಿ ಏರುವುದಿಲ್ಲ, ದಿಢೀರನೆ ಏರುತ್ತದೆ. ಈ ನಿಯಮವನ್ನು ಕಂಡುಕೊಂಡ ಓವನ್ ರಿಚರ್ಡ್‌ಸನ್‌ಗೆ 1928ರ ಭೌತವಿಜ್ಞಾನದ ನೊಬೆಲ್ ಬಂತು. ಕಾವು ಮಿತಿ ಮೀರಿದರೆ ಲೇಪನದ ಬೇರಿಯಂ ಆವಿಯಾಗಿ ಹೋಗಿ ಪಕ್ಕದ ಗ್ರಿಡ್ಡಿನ ಮೇಲೆ ಕೂರುತ್ತದೆ. ಆಗ ಎಲೆಕ್ಟ್ರಾನ್ ಹೊರಡಬಾರದ ಕಡೆಯಿಂದಲೂ ಹೊರಡುತ್ತದೆ. ಕ್ಯಾಥೋಡ್ ಬೇಗ ಬರಿದಾಗುತ್ತದೆ. ಹೀಟರಿನ ಲೇಪನವೂ ಸೋಲುತ್ತದೆ. ಆಂಪ್ಲಿಫಯರ್ ಮಾತ್ರ ಅಷ್ಟು ದಿನವೂ ಚೆನ್ನಾಗಿಯೇ ಹಾಡುತ್ತಿರುತ್ತದೆ.

ಅತ್ತೆಗೆ ಈ ಸಮೀಕರಣಗಳು ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಬೇರೆ. ವಾಲ್ವ್‌ನಿಂದ ಗಾಳಿ ಎಳೆದು ಮುಚ್ಚಿದ ಮೇಲೆ ಸಾಲಾಗಿ ಚೌಕಟ್ಟುಗಳಲ್ಲಿ ಕೂರಿಸಿ ಹೀಟರಿಗೆ ಅಳತೆಗಿಂತ ಹೆಚ್ಚು ವೋಲ್ಟೇಜು ಕೊಟ್ಟು ಸ್ವಲ್ಪ ಹೊತ್ತು ಉರಿಸುತ್ತಾರೆ. ಕ್ಯಾಥೋಡಿಗೆ ಜೀವ ಬರುವುದು ಆಗಲೇ. “ಹುಟ್ಟುವಾಗ ಒಂದ್ಸಲ ಜಾಸ್ತಿ ಕಾವು ಕೊಡ್ತಾರೆ ಕಣೋ. ಆಮೇಲೆ ಜೀವ್ಮಾನವೆಲ್ಲ ಅಳತೆಯದ್ದೇ. ನೀನು ದಿನಾ ಬಾಣಂತಿ ಸ್ನಾನ ಮಾಡಿಸ್ತೀನಿ ಅಂದ್ರೆ ಹೆಂಗೆ?” ಎಂದರು.

ಮಗಳ ವಾದ ಇನ್ನೊಂದು ತುದಿಯದ್ದು. ಎಡ್ಡಿ ವ್ಯಾನ್ ಹೇಲನ್ ಎಂಬ ಪ್ರಸಿದ್ಧ ಗಿಟಾರ್ ವಾದಕ ವೇರಿಯಾಕ್ ಎಂಬ ಸಾಧನ ಇಟ್ಟುಕೊಂಡು ಆಂಪ್ಲಿಫಯರಿಗೆ ಹೋಗುವ ಮೇನ್ಸ್ ವೋಲ್ಟೇಜನ್ನೇ ಇಳಿಸಿ ನುಡಿಸುತ್ತಿದ್ದ. ಅದು ಆಕೆಗೆ ಗೊತ್ತು. “ಅಪ್ಪಾ, ಇಳಿಸ್ತಿದೀಯಲ್ಲ, ಐದೂವರೆಗೆ ಇಳಿಸು. ಸೌಂಡು ಇನ್ನೂ ಮೆತ್ತಗಾಗತ್ತೆ,” ಎಂದಳು.

ಆಕೆ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಕ್ಯಾಥೋಡ್ ತಣ್ಣಗಾದರೆ ಎಲೆಕ್ಟ್ರಾನುಗಳ ದಾಸ್ತಾನು ತೆಳುವಾಗುತ್ತದೆ. ಜೋರಾಗಿ ಮೀಟಿದ ಸ್ವರದ ನೆತ್ತಿ ಚಪ್ಪಟೆಯಾಗಿ ಕಿವಿಗೆ ಮೃದುವಾಗಿ ಕೇಳಬಹುದು. ಆದರೆ ಮಾಮೂಲಿಯಾಗಿ ನಡೆಯುವ ವಾಲ್ವ್‌ನಲ್ಲಿ ಕ್ಯಾಥೋಡಿನ ಸುತ್ತ ಎಲೆಕ್ಟ್ರಾನುಗಳ ಮೋಡವೊಂದು ಸದಾ ಕವಿದಿರುತ್ತದೆ. ಆ ಮೋಡವೇ ಕ್ಯಾಥೋಡಿಗೆ ಹೊದಿಕೆ. ಹೀಟರಿಗೆ ಕಡಿಮೆ ಕೊಟ್ಟು ಇಎಲ್84ನಂಥ ವಾಲ್ವ್‌ನಿಂದ ಪೂರ್ತಿ ಕರೆಂಟು ಎಳೆದರೆ ಹೊದಿಕೆ ಹರಿಯುತ್ತದೆ. ಲೇಪನ ಅಲ್ಲಲ್ಲಿ ಏಟು ತಿನ್ನುತ್ತದೆ, ಒಳಗೆ ಉಳಿದ ಚೂರುಪಾರು ಅನಿಲದಿಂದ ನಂಜೇರುತ್ತದೆ. ಇದನ್ನು ನಾನು ಎರಡು ನಿಮಿಷ ವಿವರಿಸಿದೆ. ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು: “ಅರೆಹೊಟ್ಟೇಲಿ ಇಟ್ಟು ದುಡಿಸ್ಬೇಡವ್ವ ಅದನ್ನ.”

ಎರಡು ತುದಿಗಳ ನಡುವೆ 6.3 ಉಳಿಯಿತು. ಅಲ್ಲಿಗೆ ಇಳಿಸುವ ದಾರಿಗಳು ಕೆಲವಿವೆ. ಮೇನ್ಸ್‌ನಲ್ಲೇ 12 ವೋಲ್ಟಿನ ಇನ್ನೊಂದು ಚಿಕ್ಕ ಟ್ರಾನ್ಸ್‌ಫಾರ್ಮರಿನ ಸುರುಳಿಯನ್ನು ಎದುರು ದಿಕ್ಕಿನಲ್ಲಿ ಸೇರಿಸಿ 245ನ್ನು 233ರ ಆಸುಪಾಸಿಗೆ ತರಬಹುದು. ಆಗ ಹೀಟರಿನ ಜೊತೆ ಹೈವೋಲ್ಟೇಜೂ ಇಳಿಯುತ್ತದೆ. ನಮ್ಮಲ್ಲಿ ಹೈವೋಲ್ಟೇಜು 278 ಇತ್ತು, ಇಎಲ್84ರ ಆನೋಡಿನ ಮಿತಿ 300. ಅದನ್ನು ಮುಟ್ಟಬೇಕಾಗಿರಲಿಲ್ಲ. ಹೀಟರ್ ದಾರಿಯಲ್ಲಿ ಎರಡು ಡಯೋಡುಗಳನ್ನು ಬೆನ್ನಿಗೆ ಬೆನ್ನು ಹಚ್ಚಿದರೂ ಮುಕ್ಕಾಲು ವೋಲ್ಟಿನಷ್ಟು ಇಳಿಯುತ್ತದೆ, ಆದರೆ ಅವು ಕ್ಷಣಕ್ಷಣಕ್ಕೂ ತೆರೆದು ಮುಚ್ಚುವ ಸದ್ದು ಗಿಟಾರಿನೊಳಗೆ ನುಸುಳಬಹುದು. ಉಳಿದದ್ದು ಎಲ್ಲಕ್ಕಿಂತ ಹಳೆಯ ದಾರಿ, ರೆಸಿಸ್ಟರ್.

ಲೆಕ್ಕ ಹೈಸ್ಕೂಲಿನದು. ಇಎಲ್84ರ ಹೀಟರ್ 0.76 ಆಂಪಿಯರ್ ಎಳೆಯುತ್ತದೆ, ಇಸಿಸಿ83ರದು 0.3. ಒಟ್ಟು 1.06. ಇಳಿಸಬೇಕಾದದ್ದು 0.7 ವೋಲ್ಟ್. ಓಮನ ನಿಯಮದಂತೆ ಭಾಗಿಸಿದರೆ 0.66 ಓಮ್. ಒಂದೇ ರೆಸಿಸ್ಟರನ್ನು ಒಂದೇ ತಂತಿಯಲ್ಲಿ ಹಾಕಬಹುದಿತ್ತು. ಆದರೆ ಹೀಟರಿನ ಎರಡು ತಂತಿಗಳೂ ನೆಲದಿಂದ ಸಮದೂರದಲ್ಲಿದ್ದಾಗಲೇ ಒಂದರ ಗುಂಯ್‌ಗುಡುವಿಕೆಯನ್ನು ಇನ್ನೊಂದು ನುಂಗುವುದು. ಒಂದೇ ಕಡೆ ಇಳಿಸಿದರೆ ತಕ್ಕಡಿ ವಾಲಿ ಸ್ಪೀಕರಿನಲ್ಲಿ ಹಮ್ ಶುರುವಾಗುತ್ತದೆ. ಅದಕ್ಕೇ ಎರಡು ತಂತಿಗೂ 0.33 ಓಮಿನ ಒಂದೊಂದು. ಪ್ರತಿಯೊಂದೂ 0.37 ವಾಟ್ ಬಿಸಿಯಾಗುತ್ತದೆ. ನಾನು 5 ವಾಟಿನವನ್ನೇ ತಂದೆ, ಬಿಳಿ ಸಿಮೆಂಟಿನ ಪುಟ್ಟ ಇಟ್ಟಿಗೆಗಳಂತಿರುವವು. ಎರಡಕ್ಕೂ ಸೇರಿ ಒಂದು ಕಾಫಿಯ ದುಡ್ಡೂ ಆಗಲಿಲ್ಲ.

ಇಂಥ ಪೆಟ್ಟಿಗೆ ಬಿಚ್ಚುವವರಿಗೆ ಒಂದು ಮಾತು. ಹೀಟರಿನ ಆರು ವೋಲ್ಟು ಏನೂ ಮಾಡುವುದಿಲ್ಲ, ಆದರೆ ಅದರ ಪಕ್ಕದಲ್ಲೇ ಇರುವ 278 ವೋಲ್ಟು ಕೊಲ್ಲಬಲ್ಲದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಅದು ಕಾದು ಕೂತಿರುತ್ತದೆ. ಪ್ಲಗ್ ತೆಗೆದು, ರೆಸಿಸ್ಟರ್ ಮೂಲಕ ಕೆಪಾಸಿಟರನ್ನು ಬರಿದು ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ನಾನು ಬೆಸುಗೆ ಕಡ್ಡಿ ಎತ್ತಿಕೊಂಡದ್ದು. ಮಗಳಿಗೂ ಗಿಟಾರಿನ ಪಾಠಕ್ಕಿಂತ ಮೊದಲು ಈ ಪಾಠ ಆಯಿತು. ಇನ್ನೊಂದು, ಹೀಟರ್ ವೋಲ್ಟೇಜನ್ನು ವಾಲ್ವ್ ಕೂರಿಸಿ ಕಾಯಿಸಿದ ಮೇಲೆಯೇ ಅಳೆಯಬೇಕು. ಹೊರೆಯಿಲ್ಲದ ಟ್ರಾನ್ಸ್‌ಫಾರ್ಮರ್ ಯಾವಾಗಲೂ ಹೆಚ್ಚು ತೋರಿಸುತ್ತದೆ.

ಬೆಸುಗೆ ಹಾಕಿ ಮುಗಿಸಿ ರಾತ್ರಿ ಹನ್ನೊಂದೂವರೆಗೆ ಅಳೆದೆ. ಗೋಡೆಯಲ್ಲಿ 245, ಹೀಟರಿನಲ್ಲಿ 6.3. ಮರುದಿನ ಸಂಜೆ ಗೋಡೆಯಲ್ಲಿ 228 ಇದ್ದಾಗ 5.9ಕ್ಕೆ ಹತ್ತಿರ. ಎರಡೂ ಗೆರೆಯೊಳಗೆ. ಇನ್ನೊಂದು ಲಾಭವೂ ಸಿಕ್ಕಿತು. ಟಂಗ್‌ಸ್ಟನ್ ತಂತಿ ತಣ್ಣಗಿರುವಾಗ ಅದರ ತಡೆ ತೀರಾ ಕಡಿಮೆ, ಸ್ವಿಚ್ ಒತ್ತಿದ ಗಳಿಗೆಯಲ್ಲಿ ಕರೆಂಟು ಒಮ್ಮೆಲೇ ನುಗ್ಗುತ್ತದೆ. ಈ ಎರಡು ಇಟ್ಟಿಗೆಗಳು ಆ ನುಗ್ಗನ್ನೂ ಸ್ವಲ್ಪ ಹಿಡಿಯುತ್ತವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಟೆಲಿಫೋನ್ ಇಂಜಿನಿಯರ್ ಟಾಮಿ ಫ್ಲವರ್ಸ್ ಸಾವಿರಕ್ಕೂ ಹೆಚ್ಚು ವಾಲ್ವ್‌ಗಳ ಕೊಲೋಸಸ್ ಯಂತ್ರ ಕಟ್ಟಲು ಹೊರಟಾಗ, ಅಷ್ಟು ವಾಲ್ವ್‌ಗಳು ಒಟ್ಟಿಗೆ ಬಾಳುವುದಿಲ್ಲ ಎಂದು ಅನೇಕರು ಅನುಮಾನಿಸಿದ್ದರು. ಪದೇ ಪದೇ ಆರಿಸಿ ಹೊತ್ತಿಸದಿದ್ದರೆ ಬಾಳುತ್ತವೆ ಎಂಬುದು ಟೆಲಿಫೋನ್ ಕೆಲಸದಲ್ಲಿ ಪಳಗಿದ್ದ ಫ್ಲವರ್ಸ್‌ಗೆ ಗೊತ್ತಿತ್ತು. ಯಂತ್ರ ಕೆಲಸ ಮಾಡಿತು. ನಾವು ದಿನವಿಡೀ ಉರಿಸಿಡಲಾರೆವು. ನುಗ್ಗನ್ನು ಮೆತ್ತಗೆ ಮಾಡಬಹುದು ಅಷ್ಟೇ.

ವಾರ ಕಳೆದ ಮೇಲೆ ಹೊಸ ವಾಲ್ವ್‌ಗಳನ್ನು ತೆಗೆದು ಜಾಲಹಳ್ಳಿಯವನ್ನು ಕೂರಿಸಿದೆ. ಅತ್ತೆಯನ್ನು ಕರೆದು ಎದುರಿಗೆ ಕುರ್ಚಿ ಹಾಕಿದೆ. ದೀಪ ಆರಿಸಲು ಹೇಳಿದವರು ಅವರೇ. ಸ್ವಿಚ್ ಒತ್ತಿದ ಮೇಲೆ ಮೂವರೂ ಸುಮ್ಮನೆ ಕೂತೆವು. ಹತ್ತು ಹದಿನೈದು ಸೆಕೆಂಡು ಏನೂ ಇಲ್ಲ. ಆಮೇಲೆ ಗಾಜಿನೊಳಗೆ, ಕೊಳವೆಯ ತುದಿಯಲ್ಲಿ, ಬೂದಿ ಸರಿಸಿದಾಗ ಕಾಣುವ ಕೆಂಡದಂಥ ಒಂದು ಚುಕ್ಕೆ.

ಮಗಳು ಮೀಟಿದಳು. ನಾದ ಚೆನ್ನಾಗಿತ್ತು. ಐದೂವರೆಗೆ ಇಳಿಸಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದು ಆಕೆ ಇಂದಿಗೂ ಹೇಳುತ್ತಾಳೆ. ನಾನು ಒಪ್ಪಿಲ್ಲ, ಆಕೆ ಬಿಟ್ಟಿಲ್ಲ. ಅತ್ತೆಗೆ ಈಗ ಕಿವಿ ಅಷ್ಟಾಗಿ ಕೇಳಿಸುವುದಿಲ್ಲ. ಅವರು ಗಿಟಾರಿನ ಕಡೆ ನೋಡಲೂ ಇಲ್ಲ. ಬಗ್ಗಿ ವಾಲ್ವ್‌ನ ಬಣ್ಣವನ್ನೇ ನೋಡುತ್ತಿದ್ದರು. “ಬೆಳ್ಳಗಿಲ್ಲ, ಕೆಂಪಗಿದೆ. ಹದವಾಗಿದೆ,” ಎಂದರು. ಅಡುಗೆಯಲ್ಲಿ ಪಾಕ ನೋಡುವವರು ಹೇಳುವಂತೆ ಹೇಳಿದರು. ಥರ್ಮಾಮೀಟರ್ ಇಲ್ಲದೆ ಬೆರಳಿನ ನಡುವಿನ ಎಳೆ ನೋಡಿ ಪಾಕ ಇಳಿಸುವ ಕೈಗೂ, ಭೂತಗನ್ನಡಿಯ ಕೆಳಗೆ ಹೀಟರ್ ಇಳಿಸಿದ ಕೈಗೂ ‘ಹದ’ ಎಂಬ ಒಂದೇ ಮಾತು ಸಾಕಾಗುತ್ತದೆ. ನನ್ನ ಮೀಟರ್ ಅದನ್ನು 6.3 ಎನ್ನುತ್ತದೆ.

ಪೆಟ್ಟಿಗೆಯ ಮುಚ್ಚಳ ಹಾಕುವ ಮುನ್ನ ಒಳಗಡೆ ಒಂದು ಚೀಟಿ ಅಂಟಿಸಿದೆ. ಈ ವಾಲ್ವ್‌ಗಳು ನನಗಿಂತ ಹೆಚ್ಚು ಕಾಲ ಬಾಳಬಹುದು. ಮುಂದೆ ಯಾರೋ ಬಿಚ್ಚಿದವರು ದಾರಿಗೆ ಅಡ್ಡ ಕೂತ ಎರಡು ಬಿಳಿ ಇಟ್ಟಿಗೆಗಳನ್ನು ಕಂಡು ಇವು ಯಾಕೆಂದು ಕಿತ್ತುಹಾಕಬಾರದು. ಚೀಟಿಯಲ್ಲಿ ಇಷ್ಟೇ ಬರೆದಿದ್ದೇನೆ: ‘ಹೀಟರ್ 6.3. ಟ್ರಾನ್ಸ್‌ಫಾರ್ಮರ್ 220ರದು, ನಮ್ಮ ಬೀದಿ 245ರದು. ಈ ಎರಡನ್ನು ತೆಗೆಯಬೇಡಿ.’ ಅತ್ತೆಯ ಹೆಸರನ್ನೂ, ಅವರು ಕೆಲಸಕ್ಕೆ ಸೇರಿದ ವರ್ಷವನ್ನೂ ಕೆಳಗೆ ಸೇರಿಸಿದವಳು ಮಗಳು.